ಐದು ಮಂದಿ ಮುತ್ತೈದೆಯರು ಹೊಯ್ದ ಆಯಿಲು

ಬಾನೆಟ್ ಎತ್ತಿದ ಕಾರಿನ ಸುತ್ತ ಗಂಡಸರು ಹೇಗೆ ನೆರೆಯುತ್ತಾರೆ ಅನ್ನುವುದನ್ನು ನೋಡಬೇಕಾದರೆ ನಮ್ಮ ಇಂಡಿಗೆ ಬರಬೇಕು. ನಿಂಬೆಹಣ್ಣಿನ ಚೀಲ ಇಳಿಸಲು ಕರೆಯಿರಿ, ಒಬ್ಬನೂ ತಿರುಗಿ ನೋಡುವುದಿಲ್ಲ. ಬಾನೆಟ್ ಎತ್ತಿ ನೋಡಿ, ಟೊಂಕದ ಮೇಲೆ ಕೈ ಇಟ್ಟುಕೊಂಡು ಓಣಿಯೇ ಬಂದು ನಿಲ್ಲುತ್ತದೆ. ಒಬ್ಬ ಬಗ್ಗಿ ಯಾವುದೋ ವೈರು ಅಲ್ಲಾಡಿಸುತ್ತಾನೆ. ಇನ್ನೊಬ್ಬ ಪಂಪಿನ ದೋಷ ಅನ್ನುತ್ತಾನೆ. ಮತ್ತೊಬ್ಬ ತಂಬಾಕು ತಿಕ್ಕುತ್ತ ಏನೂ ಹೇಳದೆ ತಲೆ ಆಡಿಸುತ್ತಾನೆ, ಎಲ್ಲರೂ ಅವನನ್ನೇ ನಂಬುತ್ತಾರೆ. ಇವರೆಲ್ಲರ ವಿದ್ಯೆಗೆ ಒಂದೇ ಹೆಸರು: ಅಂದಾಜು. ಅಂದಾಜಿನ ಮೇಲೆ ಗೊಬ್ಬರ, ಅಂದಾಜಿನ ಮೇಲೆ ಔಷಧ, ಅಂದಾಜಿನ ಮೇಲೆ ಮಂದಿಯ ನಡತೆ. ನನ್ನ ಕಾರನ್ನೂ ಹಾಗೇ ಅಂದಾಜಿನ ಮೇಲೆ ಕೊಲ್ಲಲು ಹೊರಟಿದ್ದರು.

ಕಾರು ನಮ್ಮ ಮಾವನವರು ಕೊಂಡದ್ದು. ಹಿಂದೆ ಮಂತ್ರಿಗಳು, ಡಾಕ್ಟರುಗಳು ಓಡಾಡುತ್ತಿದ್ದರಲ್ಲ, ಆ ದುಂಡು ಬೆನ್ನಿನ ಬಿಳಿ ಕಾರು. ಮಾವನವರ ನಂತರ ನಮ್ಮವರು ಓಡಿಸಿದರು, ನನಗೂ ಅದರಲ್ಲೇ ಕಲಿಸಿದರು. ಅವರು ತೀರಿಕೊಂಡ ಮೇಲೆ ಅದರ ಪೆಟ್ರೋಲ್ ಎಂಜಿನ್ನೂ ತೀರಿಕೊಂಡಿತು. ನನ್ನ ನಿಂಬೆ ತೋಟ ಊರಿಂದ ದೂರ. ಬಸ್ಸು ಹೋಗುವ ದಾರಿಯಲ್ಲ. ಹೀಗಾಗಿ ದಿನಾ ಯಾರಾದರೊಬ್ಬ ಸಂಬಂಧಿಕನ ಬೈಕಿನ ಹಿಂದೆ ಕೂರಬೇಕು. ಸೀಟಿನ ಜೊತೆಗೆ ಉಪದೇಶ ಪುಕ್ಕಟೆ. ತೋಟ ಲಾವಣಿಗೆ ಹಾಕು, ಗುತ್ತಿಗೆ ದುಡ್ಡು ತಗೊಂಡು ಮನೆಯಲ್ಲಿ ಶಿವಾ ಅಂತ ಕೂತಿರು, ಒಂಟಿ ಹೆಂಗಸು ಎಷ್ಟಂತ ಓಡಾಡತಿ. ಗಾಳಿ ಎದುರಿನಿಂದ ಬೀಸುತ್ತಿದ್ದದ್ದರಿಂದ ಅವರ ಮಾತೆಲ್ಲ ಸರಿಯಾಗಿ ನನ್ನ ಕಿವಿಗೇ ಬಂದು ಬೀಳುತ್ತಿತ್ತು. ಈ ಹಿಂದಿನ ಸೀಟಿನಿಂದ ಇಳಿಯಬೇಕು, ನನ್ನ ಗಾಡಿ ನಾನು ಓಡಿಸಬೇಕು. ನನಗೆ ಬೇಕಾಗಿದ್ದದ್ದು ಇಷ್ಟೇ.

ಅಪಘಾತದಲ್ಲಿ ನುಜ್ಜುಗುಜ್ಜಾದ ಪಿಕಪ್ ಒಂದರ ಡೀಸೆಲ್ ಎಂಜಿನ್ ಸಿಕ್ಕಿತು. ಅದನ್ನು ಕಾರಿಗೆ ಕೂರಿಸುತ್ತೇನೆ ಅಂದಾಗ ಭಾವನವರು, ಅಂದರೆ ನಮ್ಮವರ ಅಣ್ಣ, ಮುದ್ದೇಬಿಹಾಳದಿಂದ ಓಡಿ ಬಂದರು. ಅಲ್ಲಿ ಎಪಿಎಂಸಿಯಲ್ಲಿ ದಲ್ಲಾಳಿ ವ್ಯಾಪಾರದ ಅಡತ್ ಅಂಗಡಿ ಇದೆ ಅವರದು. ಕಾರನ್ನು ತೊಳೆದು, ಮನೆ ಮುಂದೆ ಚಪ್ಪರ ಹಾಕಿ ಶೋಗೆ ನಿಲ್ಲಿಸಿಕೊಳ್ಳಬೇಕು ಅಂತ ಅವರಿಗೆ ಬಹಳ ದಿನದ ಆಸೆ. ಮನೆತನದ ಹಿರಿಯರೊಬ್ಬರನ್ನು ಕರೆಸಿ ನನ್ನ ಪಡಸಾಲೆಯಲ್ಲೇ ಪಂಚಾಯ್ತಿ ಕೂಡಿಸಿದರು.

"ಅಪ್ಪನ ಗಾಡಿ ಐತವ್ವಾ ಇದು. ಡೀಸೆಲ್ ಎಂಜಿನ್ ಹಾಕಿ ಟ್ರ್ಯಾಕ್ಟರ್ ಮಾಡಬ್ಯಾಡ."

"ಶೆಡ್ಡಿನ್ಯಾಗ ಕೋಳಿ ತತ್ತಿ ಇಡಾಕತ್ತಾವ್ರಿ ಅದರೊಳಗ. ಅದಕ್ಕಿಂತ ಟ್ರ್ಯಾಕ್ಟರ್ ಆದ್ರ ಏನ ಕೆಟ್ಟದ್ರಿ?" ಅಂದೆ.

ಹಿರಿಯರು ಗಂಟಲು ಸರಿ ಮಾಡಿಕೊಂಡು ತೀರ್ಮಾನ ಹೇಳಿದರು. ಎಂಜಿನ್ ಕೂರಿಸಲಿ. ಮೊದಲ ಪಯಣ ಬಾಗೇವಾಡಿಯ ಬಸವಣ್ಣನ ಗುಡಿಗೆ. ಎಲ್ಲೂ ನಿಲ್ಲದೆ ಅಲ್ಲಿಗೆ ಮುಟ್ಟಿದರೆ ಗಾಡಿ ನನ್ನದು, ಇನ್ನು ಯಾರೂ ಕೇಳುವಂತಿಲ್ಲ. ದಾರಿಯಲ್ಲಿ ಕೆಟ್ಟು ನಿಂತರೆ ಅಲ್ಲಿಂದಲೇ ಮುದ್ದೇಬಿಹಾಳಕ್ಕೆ. ಭಾವನವರ ಮುಖ ಆಗಲೇ ಚಪ್ಪರ ಹಾಕಿದಂತೆ ಅರಳಿತು.

ಕೆಲಸ ನಡೆದದ್ದು ಸಿಂದಗಿಯ ಒಂದು ಗ್ಯಾರೇಜಿನಲ್ಲಿ. ಎಂಜಿನ್ ಬದಲಿಸಲು ಕಾಗದಪತ್ರದ ಓಡಾಟ ಬೇರೆಯೇ ಒಂದು ಪುರಾಣ, ಅದನ್ನು ಇಲ್ಲಿ ಬಿಚ್ಚುವುದಿಲ್ಲ. ಮಿಸ್ತ್ರಿ ಕೈ ಚುರುಕಿನವನು, ಬಾಯಿ ಅದಕ್ಕಿಂತ ಚುರುಕು. ನಾನು ಹೋಗಿ ನೋಡುವಷ್ಟರಲ್ಲಿ ಎಂಜಿನ್ ಕಾರಿನೊಳಗೆ ಕೂತಿತ್ತು. ಆದರೆ ಎಂಜಿನ್ನಿನ ತಳದಲ್ಲಿ ಆಯಿಲ್ ತುಂಬುವ ತಗಡಿನ ತೊಟ್ಟಿ ಇರುತ್ತದಲ್ಲ, ಚೇಂಬರ್ ಅನ್ನುತ್ತಾರೆ, ಅದು ಕಾರಿನ ಅಡ್ಡಪಟ್ಟಿಗೆ ತಗಲುತ್ತಿತ್ತಂತೆ. ಅವನು ಚೇಂಬರಿನ ತಳವನ್ನೇ ಕತ್ತರಿಸಿ ತೆಗೆದು, ಒಂದು ಚಪ್ಪಟೆ ತಗಡು ವೆಲ್ಡ್ ಮಾಡಿ ಕೂರಿಸಿದ್ದ.

"ಮೊದಲ ಇದರಾಗ ಐದ ಲೀಟರ್ ಆಯಿಲ್ ಹಿಡೀತಿತ್ತು. ಈಗ ಎಷ್ಟ ಹಿಡಿತೈತಿ?" ಅಂತ ಕೇಳಿದೆ.

"ಸಾಕಾಗ್ತೈತ್ರಿ ಅಕ್ಕಾರ."

"ಎಷ್ಟ ಅಂತ ಕೇಳಿದೆ."

"ಅಂದಾಜ ಹಿಡಿತೈತ್ರಿ ಒಂದ ಮೂರು. ಮಾರ್ಕೆಟ್‌ಗೆ ಹೋಗಿ ಬರೂ ಗಾಡಿ, ಅದಕ್ಕ್ಯಾಕ ಐದ ಲೀಟರ್? ನೀವೇನ ರೇಸಿಗೆ ಬಿಡ್ತೀರೇನು?"

ಗ್ಯಾರೇಜಿನಲ್ಲಿ ಕೂತಿದ್ದ ಕೆಲಸವಿಲ್ಲದವರೆಲ್ಲ ನಕ್ಕರು. ನಗಲಿ. ತೋಟದ ಡೀಸೆಲ್ ಪಂಪು ಹತ್ತಾರು ವರ್ಷದಿಂದ ನನ್ನ ಕೈಯಲ್ಲೇ ಇದೆ. ಹಿಂದೊಮ್ಮೆ ಆಳು ಅದನ್ನು ಕಾಲುವೆಯ ಏರಿ ಮೇಲೆ ಓರೆಯಾಗಿ ಇಟ್ಟು, ಅರೆಬರೆ ಆಯಿಲಲ್ಲಿ ಓಡಿಸಿ, ಬೇರಿಂಗು ಸುಟ್ಟು ತಂದಿದ್ದ. ಆಯಿಲ್ ಅಂದರೆ ಬರೀ ಜಾರಿಕೆಗಲ್ಲ. ಅದು ಮೇಲೆ ಹೋಗಿ, ಸುತ್ತಾಡಿ, ಬಿಸಿಯನ್ನು ಹೊತ್ತುಕೊಂಡು ಕೆಳಗಿಳಿದು ಬರಬೇಕು. ಒಂದಿಷ್ಟು ಮೇಲೆ ಇರುವಾಗ ಇನ್ನೊಂದಿಷ್ಟು ಕೆಳಗಿರಲೇಬೇಕು. ಇಲ್ಲದಿದ್ದರೆ ಏರು ಬಂದಾಗ ಇದ್ದಷ್ಟೂ ಒಂದು ಮೂಲೆಗೆ ಸರಿದು, ಎಳೆಯುವ ಕೊಳವೆ ಬರೀ ಗಾಳಿ ಕುಡಿಯುತ್ತದೆ. ಇದಕ್ಕೆ ದೊಡ್ಡ ಓದು ಬೇಕಿಲ್ಲ. ತಳದಲ್ಲಿ ಗೇಣು ನೀರಿರುವ ಕೊಡ ಓರೆ ಮಾಡಿ ಸವುಟಿನಿಂದ ತೆಗೆದವಳಿಗೆ ಯಾರಿಗಾದರೂ ತಿಳಿಯುತ್ತದೆ. ಕೊಡ ಹೊತ್ತು ಗೊತ್ತಿಲ್ಲದವರಿಗೆ ತಿಳಿಯುವುದಿಲ್ಲ.

ಚೇಂಬರ್ ಬಿಚ್ಚಿಸಿದೆ. ಮನೆಯಿಂದ ಹಾಲಿನ ಲೀಟರ್ ಅಳತೆ ಒಯ್ದಿದ್ದೆ, ಅದರಿಂದ ನೀರು ಹೊಯ್ದು ಅಳೆದೆ. ಮೂರೂ ಹಿಡಿಯಲಿಲ್ಲ. ಮಿಸ್ತ್ರಿ ಆಕಾಶ ನೋಡಿದ. ತಳ ಆಳಕ್ಕೆ ಬಿಡಲಾಗದಿದ್ದರೆ ಅಗಲಕ್ಕೆ ಬಿಡು, ಎರಡೂ ಪಕ್ಕಕ್ಕೆ ಜಾಗ ಇದೆ, ತಗಡಿನ ಚೀಲದ ಹಾಗೆ ಕೂರಿಸಿ ಒಳಗಿಂದ ತೂತು ಬಿಡು ಅಂದೆ. ಗೊಣಗುತ್ತ ಮಾಡಿದ. ಎಳೆಯುವ ಕೊಳವೆಯನ್ನು ಹೊಸ ತಳಕ್ಕೆ ಸರಿಯಾಗಿ ಗಿಡ್ಡ ಮಾಡಿಸಿದೆ. ಮತ್ತೆ ನೀರು ಹೊಯ್ದೆವು. ಐದು ಲೀಟರ್ ತುಳುಕದೆ ಕೂತಿತು.

ಇನ್ನು ಆಯಿಲ್ ಮಟ್ಟ ನೋಡುವ ಕಡ್ಡಿ. ಪಿಕಪ್ಪಿನ ಕಡ್ಡಿ ಅಪಘಾತದಲ್ಲಿ ಎಲ್ಲೋ ಹಾರಿಹೋಗಿತ್ತು. ಹಳೆ ಕಾರಿನ ಕಡ್ಡಿ ಉದ್ದ, ಅದು ಈ ಚೇಂಬರಿನ ತಳಕ್ಕೆ ಹೋಗಿ ಕುಟ್ಟುತ್ತಿತ್ತು. ಹೊಸ ಕಡ್ಡಿ ಮಾಡಿಸಿ, ಅಳೆದು ಹೊಯ್ದ ಆಯಿಲ್ ಎಲ್ಲಿಗೆ ಬರುತ್ತದೋ ಅಲ್ಲಿ ಅರದಿಂದ ಗೀರು ಹಾಕಿಸಿದೆ. ವೆಲ್ಡಿಂಗ್ ಸೋರುತ್ತದೇನೋ ನೋಡಲು ಹಾಕಿದ ಆ ಆಯಿಲಲ್ಲೇ ಸಿಂದಗಿಯಿಂದ ಇಂಡಿಯವರೆಗೆ ನಾನೇ ಓಡಿಸಿಕೊಂಡು ಬಂದೆ. ಎರಡೂ ಕಡೆ ತೊಗರಿ ಹೊಲ, ಕಿಟಕಿ ಇಳಿಸಿತ್ತು, ಪಕ್ಕದಲ್ಲಿ ಉಪದೇಶಕ್ಕೆ ಒಂದು ಪ್ರಾಣಿಯೂ ಇರಲಿಲ್ಲ. ಖುಷಿಯಾಯಿತು ಅಂದರೆ ಏನು ಹೇಳಲಿ, ಒಬ್ಬಳೇ ಜೋರಾಗಿ ನಕ್ಕೆ.

ಆ ಪರೀಕ್ಷೆಯ ಆಯಿಲನ್ನು ಪೂರ್ತಿ ಇಳಿಸಿದೆ, ಹೊಸ ಆಯಿಲ್ ತುಂಬುವುದಷ್ಟೇ ಉಳಿದಿತ್ತು. ಭಾವನವರು ಫೋನಿನಲ್ಲಿ ಅಪ್ಪಣೆ ಕೊಟ್ಟರು: ಹೊಸ ಎಂಜಿನ್ ಅಂದರೆ ಹೊಸ ಮದುವೆ ಇದ್ದಂತೆ, ಆಯಿಲ್ ಹೊಯ್ಯುವುದು ಶಾಸ್ತ್ರದ ಪ್ರಕಾರ ಆಗಬೇಕು. ಮದುಮಗನಿಗೆ ಐದು ಮಂದಿ ಮುತ್ತೈದೆಯರು ಎಣ್ಣೆ ಹಚ್ಚುವುದಿಲ್ಲವೆ, ಹಾಗೆ ಐದು ಮಂದಿ ಮುತ್ತೈದೆಯರ ಕೈಯಿಂದ ಆಯಿಲು! ಇಂಥ ಶಾಸ್ತ್ರ ಯಾವ ಊರಲ್ಲೂ ಇಲ್ಲ. ಅವರ ತಲೆಯಲ್ಲಿ ಅವತ್ತು ಬೆಳಿಗ್ಗೆ ಹುಟ್ಟಿದ್ದು, ಮಧ್ಯಾಹ್ನದ ಹೊತ್ತಿಗೆ ಹಿಂದಿನಿಂದ ನಡೆದುಬಂದ ಪದ್ಧತಿ ಆಗಿಬಿಟ್ಟಿತ್ತು.

ಅಂಗಳದಲ್ಲಿ ಕಾರು ನಿಂತಿತು. ಬಾನೆಟ್ಟಿಗೆ ಚೆಂಡುಹೂವಿನ ಹಾರ, ಗಾಲಿಗೆ ನಿಂಬೆಹಣ್ಣು. ಅದೂ ನನ್ನ ತೋಟದ್ದೇ, ಕೇಳದೆ ಕಿತ್ತದ್ದು. ಒಂದೊಂದು ಲೀಟರಿನ ಐದು ಆಯಿಲ್ ಡಬ್ಬಿ ತರಿಸಿಟ್ಟಿದ್ದೆ, ಮೊದಲನೆಯದನ್ನು ಹಿಡಿದು ಮುಂದೆ ಬಂದೆ. ನನ್ನ ನೆಗೆಣ್ಣಿ, ಭಾವನವರ ಹೆಂಡತಿ, ಡಬ್ಬಿಯನ್ನು ಕೈಯಿಂದ ತೆಗೆದುಕೊಂಡಳು. ಕಸಿದುಕೊಳ್ಳಲಿಲ್ಲ, ಹಾಲಿನ ಗಡಿಗೆ ಇಳಿಸಿಕೊಂಡ ಹಾಗೆ ಮೆತ್ತಗೆ ತೆಗೆದುಕೊಂಡಳು.

"ನೀ ಬ್ಯಾಡ ತಂಗಿ. ತಪ್ಪ ತಿಳ್ಕೋಬ್ಯಾಡ. ಶುಭಕಾರ್ಯ ಐತಿ. ಒಳಗ ಹೋಳಿಗಿ ನೋಡ ಹೋಗು, ಸೀದಾವು."

ನನ್ನ ಗಾಡಿ. ನನ್ನ ಎಂಜಿನ್. ನಾನು ಅಳೆದ ಚೇಂಬರ್. ನಾನು ಹೋಳಿಗೆ ನೋಡಬೇಕು! ಮೈಯೆಲ್ಲ ಉರಿಯಿತು. ಅಲ್ಲಿ ಜಗಳ ತೆಗೆದರೆ ಪಯಣವೇ ನಿಲ್ಲುತ್ತದೆ, ಪಯಣ ನಿಂತರೆ ಗಾಡಿ ಹೋಗುತ್ತದೆ, ಅದಕ್ಕೇ ಕಾಯುತ್ತಿದ್ದಾರೆ ಅಂತ ಗೊತ್ತಿದ್ದರಿಂದ ಹಲ್ಲು ಕಚ್ಚಿ ಒಳಗೆ ಹೋದೆ. ಅಡುಗೆಮನೆಯ ಕಿಟಕಿಯಿಂದ ಕಂಡದ್ದು ಇಷ್ಟು: ಮಿಸ್ತ್ರಿಗೆ ಶಾಲು ಹೊದಿಸಿ, ತಲೆಗೆ ರುಮಾಲು ಸುತ್ತಿ ಸನ್ಮಾನ ನಡೆದಿತ್ತು. ನಮ್ಮ ಕಡೆ ಸನ್ಮಾನಕ್ಕೆ ಕಾರಣ ಬೇಕಿಲ್ಲ, ಶಾಲು ಇದ್ದರೆ ಸಾಕು. ಅವನು ಫೋಟೋಕ್ಕೆ ಮುಖ ಕೊಡುವುದರಲ್ಲಿ ಮುಳುಗಿದ್ದಾಗ ಹೆಂಗಸರು ಒಬ್ಬೊಬ್ಬರಾಗಿ ಸೆರಗು ಸರಿಮಾಡಿಕೊಂಡು ಆಯಿಲ್ ಹೊಯ್ದರು. ಆಮೇಲೆ ಭಾವನವರು ಅಂಗಿಯೊಳಗಿಂದ ಉದ್ದದ ಏನನ್ನೋ ತೆಗೆದು ಹಣೆಗೆ ಒತ್ತಿಕೊಂಡು ಎಂಜಿನ್ನಿಗೆ ಇಳಿಬಿಟ್ಟರು. ನಾಲ್ಕು ಮಂದಿಗೆ ಎತ್ತಿ ತೋರಿಸಿದರು. ಎಲ್ಲರೂ ತಲೆ ಆಡಿಸಿದರು.

ಹೊರಗೆ ಬಂದವಳೇ ಕೇಳಿದೆ: "ಅಕ್ಕಾ, ಐದೂ ಡಬ್ಬಿ ಹಾಕಿದ್ರಿಲ್ಲೋ?"

"ಹೂಂ, ಐದೂ ಡಬ್ಬೀದು ಹಾಕೇವಿ. ನಿಮ್ಮ ಭಾವಾರು ನೋಡ್ಯಾರ, ಗೀರಿನ ಮ್ಯಾಲೇ ಐತಂತ."

ಹೊರಟೆವು. ಹಿರಿಯರು ಬೇರೆ ಗಾಡಿಯಲ್ಲಿ ಮುಂದೆ ಹೋಗಿದ್ದರು. ಇಲ್ಲಿ ಸ್ಟೇರಿಂಗ್ ಹಿಡಿದವರು ಭಾವನವರು, ಶುಭಕಾರ್ಯವಲ್ಲವೆ. ಪಕ್ಕದಲ್ಲಿ ಶಾಲು ಹೊದ್ದ ಮಿಸ್ತ್ರಿ, ಹೋಳಿಗೆ ತುಪ್ಪ ಹೊಡೆದು ಇಂಡಿ ದಾಟುವ ಮೊದಲೇ ಗೊರಕೆ. ಹಿಂದೆ ನೆಗೆಣ್ಣಿ, ನಾನು, ತೆಂಗಿನಕಾಯಿಯ ಚೀಲ. ದೂರ ಹೋದ ಮೇಲೆ ಒಂದು ತಿರುವಿನಲ್ಲಿ ಸ್ಟೇರಿಂಗಿನ ಹಿಂದೆ ಕೆಂಪು ದೀಪ ಮಿಣಕ್ ಅಂದಿತು. ಆಯಿಲ್ ಸಾಲದಾಗ ಹತ್ತುವ ದೀಪ. ಆರಿತು. ಮುಂದಿನ ತಿರುವಿನಲ್ಲಿ ಮತ್ತೆ.

"ಭಾವಾರ, ದೀಪ ಹತ್ತಾಕತ್ತೈತಿ ನೋಡ್ರಿ. ಗಾಡಿ ಬದಿಗೆ ಹಚ್ಚರಿ."

ಭಾವನವರು ತಿರುಗಿಯೂ ನೋಡಲಿಲ್ಲ. "ದೀಪ ಹತ್ತೂದು ಶುಭ ಅಲ್ಲೇನವಾ?"

ನೆಗೆಣ್ಣಿ ಕಿಸಕ್ಕನೆ ನಕ್ಕಳು. ಇಂಥ ಬುದ್ಧಿವಂತಿಕೆಗೆ ಯಾವ ಶಾಲು ಸಾಕಾದೀತು? ಅಷ್ಟರಲ್ಲಿ ಒಂದು ಹಳ್ಳ ಬಂತು. ಇಳಿಜಾರು ಇಳಿದು ಏರು ಹತ್ತತೊಡಗಿದ ಕೂಡಲೇ ದೀಪ ಹತ್ತಿದ್ದು ಆರಲೇ ಇಲ್ಲ. ಎಂಜಿನ್ನಿನ ದನಿ ಬದಲಾಯಿತು. ಮೊದಲು ಒಣ ದನಿ, ಆಮೇಲೆ ಒಳಗೆ ಯಾರೋ ಬಾಗಿಲು ಬಡಿದ ಹಾಗೆ ಕಟ ಕಟ ಕಟ. ಭಾವನವರು ಇನ್ನಷ್ಟು ಆಕ್ಸಿಲರೇಟರ್ ಒತ್ತಿದರು. ನಾನು ಎರಡು ಸೀಟಿನ ನಡುವೆ ತೂರಿ, ಕೈ ಚಾಚಿ ಚಾವಿ ತಿರುಗಿಸಿಬಿಟ್ಟೆ. ಗಾಡಿ ಏರಿನ ಮಧ್ಯದಲ್ಲಿ ನಿಂತಿತು. ಭಾವನವರು ಗಾಬರಿಯಾಗಿ ಬ್ರೇಕು ತುಳಿದರು. ಮಿಸ್ತ್ರಿ ಎದ್ದು "ಬಾಗೇವಾಡಿ ಬಂತೇನ್ರಿ?" ಅಂದ.

ನೆಗೆಣ್ಣಿ ಹಣೆ ಹಣೆ ಬಡಿದುಕೊಂಡಳು. "ಬ್ಯಾಡ ಬ್ಯಾಡಂದ್ರೂ ಕೈ ಹಚ್ಚಿಬಿಟ್ಟಿ ನೋಡು! ಚಂದಾಗಿ ಹೊಂಟಿದ್ದ ಗಾಡಿ ನಿಂತು ಬಿಡ್ತು!"

"ನಿಂತೈತಿ ಅಂದ್ರ ನಿಂತಂಗ," ಅಂದರು ಭಾವನವರು. ಬೆವರು ಒರೆಸಿಕೊಳ್ಳುತ್ತಿದ್ದರೂ ದನಿಯಲ್ಲಿ ಸಂತೋಷ ಅಡಗಲಿಲ್ಲ. "ಮಾತ ಮಾತೇ ಐತಿ ತಂಗಿ. ನಮ್ಮ ಊರಿಗೆ ಎಳಕೊಂಡು ಹೋಗಾಕ ಒಂದ ಟ್ರ್ಯಾಕ್ಟರ್ ನೋಡ್ತೇನಿ."

ಕಣ್ಣಲ್ಲಿ ನೀರು ಬಂದದ್ದು ನಿಜ. ಸಿಟ್ಟಿಗೆ ಬಂದದ್ದು. ಇಳಿದು ಬಾನೆಟ್ ಎತ್ತಿ ಕಡ್ಡಿ ಎಳೆದೆ. ಬಂದದ್ದು ನಾನು ಗೀರು ಹಾಕಿಸಿದ ಕಡ್ಡಿಯಲ್ಲ, ಹಳೆಯ ಕಾರಿನ ಉದ್ದ ಕಡ್ಡಿ.

"ಅಪ್ಪ ನೋಡತಿದ್ದ ಕಡ್ಡಿ ಅದು," ಅಂದರು ಭಾವನವರು ಎದೆಯುಬ್ಬಿಸಿ. "ಮಿಸ್ತ್ರಿ ಒಗಿಯಾಂವಿದ್ದ, ನಾ ಇಸ್ಕೊಂಡು ಜ್ವಾಕೀಲೆ ಇಟ್ಟಿದ್ದೆ. ನಿನ್ನ ಆ ಹೊಸಾದು ಡಿಕ್ಕಿ ಒಳಗ ಒಗದೇನಿ."

ಡಿಕ್ಕಿ ತೆಗೆದೆ. ನನ್ನ ಕಡ್ಡಿ ಅಲ್ಲೇ ಬಿದ್ದಿತ್ತು. ಅದರ ಪಕ್ಕದಲ್ಲಿ ಐದು ಆಯಿಲ್ ಡಬ್ಬಿ, ಮುಚ್ಚಳಕ್ಕೆ ಅರಿಶಿಣ ಕುಂಕುಮ. ಒಂದನ್ನು ಎತ್ತಿದೆ. ಭಾರ ಇತ್ತು. ಇನ್ನೊಂದು ಎತ್ತಿದೆ, ಅದೂ ಭಾರ. ಐದರಲ್ಲೂ ಅರ್ಧಕ್ಕಿಂತ ಹೆಚ್ಚು ಆಯಿಲ್ ಗುಳುಗುಳು ಅನ್ನುತ್ತಿತ್ತು.

"ಅಕ್ಕಾ, ಇದೇನಿದು?"

ನೆಗೆಣ್ಣಿ ನನ್ನನ್ನು ಹುಚ್ಚಿಯ ಹಾಗೆ ನೋಡಿದಳು. "ಶುಭಕಾರ್ಯದಾಗ ಪಾತ್ರಿ ಬರಿದು ಮಾಡಬಾರದು, ಅಷ್ಟೂ ಗೊತ್ತಿಲ್ಲೇನ ನಿನಗ? ಎಲ್ಲಾರೂ ಒಂಚೂರ ಹಾಕಿ ಉಳಿಸೇವಿ."

ಅಯ್ಯ ಶಿವನೇ! ಕುಂಕುಮದ ಭರಣಿ ಬರಿದು ಮಾಡಬಾರದು, ಜೋಳದ ಗುಮ್ಮಿ ಬರಿದು ಮಾಡಬಾರದು, ಸರಿ. ಆಯಿಲ್ ಡಬ್ಬಿಗೂ ಸೌಭಾಗ್ಯವೇ? ಡಬ್ಬಿಗಳು ತುಂಬು ಮುತ್ತೈದೆಯರಾಗಿ ಡಿಕ್ಕಿಯಲ್ಲಿ ಕೂತಿದ್ದವು, ಎಂಜಿನ್ ಒಳಗೆ ಬಾಯಾರಿ ಸಾಯುತ್ತಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಎರಡೂ ಕಡ್ಡಿಗಳನ್ನು ಜೋಡಿಸಿ ಹಿಡಿದು ಮೂವರಿಗೂ ತೋರಿಸಿದೆ. ಹಳೆಯದು ನಾಲ್ಕು ಬೆರಳು ಹೆಚ್ಚು ಉದ್ದ. ತುದಿ ತಳಕ್ಕೇ ಮುಟ್ಟುವುದರಿಂದ, ಅಲ್ಲಿ ಪಿಚಕಾರಿಯಷ್ಟು ಆಯಿಲ್ ಇದ್ದರೂ ಅದ್ದಿಕೊಂಡು ಬಂದು ಗೀರು ದಾಟಿದೆ ಅನ್ನುವಂಥದ್ದು. ಮಿಸ್ತ್ರಿ ಶಾಲು ಸರಿಮಾಡಿಕೊಂಡು "ನಾ ಅಂದಾಜ ಮಾಡಿದ್ದೆ ಬಿಡ್ರಿ" ಅಂದ. ಬಾಯಿ ಮುಚ್ಚು ಅಂದೆ, ಮುಚ್ಚಿದ.

ಗಾಡಿಯನ್ನು ಹಿಂದಕ್ಕೆ ಉರುಳಿಸಿ ಹಳ್ಳದ ಸಮ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ತಣ್ಣಗಾಗುವವರೆಗೆ ಬೇವಿನ ನೆರಳಲ್ಲಿ ಕೂತೆವು. ಆಮೇಲೆ ಡಬ್ಬಿ ತೆಗೆದುಕೊಂಡು ಹೊಯ್ಯತೊಡಗಿದೆ. "ಬ್ಯಾಡ, ನೀ ಹಾಕಬ್ಯಾಡ" ಅಂತ ನೆಗೆಣ್ಣಿ ಒಮ್ಮೆ ಅಂದಳು. ಹಾಗಾದರೆ ನೀವೇ ಬಂದು ಹಾಕಿರಿ, ಪೂರ್ತಿ ಬರಿದು ಮಾಡಿರಿ ಅಂದೆ. ಬರಲಿಲ್ಲ. ಐದೂ ಡಬ್ಬಿಗಳನ್ನು ಕೊನೆಯ ಹನಿಯವರೆಗೆ ಬಗ್ಗಿಸಿ ಅಲ್ಲೇ ಹಳ್ಳದ ದಂಡೆಯ ಮೇಲೆ ಸಾಲಾಗಿ ಬರಿದು ಇಟ್ಟೆ. ನನ್ನ ಕಡ್ಡಿ ಇಳಿಸಿ ನೋಡಿದೆ, ಆಯಿಲ್ ನನ್ನ ಗೀರಿಗೆ ಸರಿಯಾಗಿ ಬಂದು ಕೂತಿತ್ತು. ಡಬ್ಬಿಗಳನ್ನು ಎತ್ತಿ ಮತ್ತೆ ಡಿಕ್ಕಿಗೆ ಒಗೆದೆ. ಸ್ಟೇರಿಂಗ್ ಮುಂದೆ ಕೂತು ಚಾವಿ ತಿರುಗಿಸಿದೆ. ಎಂಜಿನ್ ಕೆಮ್ಮಿತು, ಹೊತ್ತಿಕೊಂಡಿತು. ದೀಪ ಆರಿತು. ಕಟಕಟ ಇರಲಿಲ್ಲ. ಸ್ಟೇರಿಂಗ್ ಮುಂದಿನಿಂದ ನಾನು ಏಳಲಿಲ್ಲ. ಭಾವನವರು ತೆಂಗಿನಕಾಯಿ ಚೀಲ ಸರಿಸಿ ಹಿಂದೆ ಕೂತರು.

ದಾರಿಯುದ್ದಕ್ಕೂ ನನಗೆ ಒಂದೇ ಚಿಂತೆ. ನಿಂತ ಗಾಡಿ ನಿಂತ ಗಾಡಿಯೇ, ಅದನ್ನು ಹಿರಿಯರ ಮುಂದೆ ಹೇಗೆ ಅಲ್ಲ ಅನ್ನಲಿ? ಸುಳ್ಳು ಹೇಳಲು ನನಗೆ ಬಾಯಿ ಬರುವುದಿಲ್ಲ. ಆದರೆ ನಮ್ಮ ಭಾವನವರ ಸ್ವಭಾವವನ್ನು ನಾನು ಮರೆತಿದ್ದೆ. ಮೇಲು ಕೀಳು ಎಣಿಸಬೇಡಿ ಅಂದವರು ಹುಟ್ಟಿದ ಊರಲ್ಲಿ, ಗುಡಿಯ ಮುಂದೆ, ಹಿರಿಯರ ಜೊತೆಗೆ ಅಡತ್ ಅಂಗಡಿಯ ಪರಿಚಯದವರೂ ನಿಂತಿದ್ದರು. ಅವರಲ್ಲೊಬ್ಬ ನಗುತ್ತ ಕೇಳಿದ: "ತಡಾ ಆತಲ್ರಿ ಸಾವ್ಕಾರ? ಎಲ್ಲೆರ ಕೆಟ್ಟ ನಿಂತಿತ್ತೇನು ಅಪ್ಪನ ಗಾಡಿ?"

"ಛೇ ಛೇ!" ಅಂದರು ಭಾವನವರು. "ನಮ್ಮ ಗಾಡಿ ನಿಲ್ಲೂದು ಅಂದ್ರೇನು? ಒಂದ ದಮ್ಮಿಗೆ ಬಂದೇವಿ. ನಾನ ಮುಂದ ನಿಂತು ಆಯಿಲ್ ಹಾಕ್ಸೇನಿ, ನಾನ ಚೆಕ್ ಮಾಡೇನಿ!"

ನಾನು ಹಿರಿಯರ ಕಡೆ ತಿರುಗಿದೆ. "ಕೇಳಿದ್ರಲ್ರಿ ಯಜ್ಜಾರ? ಎಲ್ಲೂ ನಿಂತಿಲ್ಲಂತ."

ಹಿರಿಯರು ಕೇಳಿದೆ ಅಂದರು. ಊರಿಗೆ ಶಕುನ ಹೇಳುವ ಹಲ್ಲಿ ತಾನೇ ಮಜ್ಜಿಗೆಗೆ ಬಿದ್ದಿತ್ತು. ಗಾಡಿ ನನ್ನದಾಯಿತು. ಮಾವನವರ ಆ ಉದ್ದ ಕಡ್ಡಿಯನ್ನು ಈಗ ತೋಟದಲ್ಲಿ ಒಂದು ನಿಂಬೆ ಸಸಿಗೆ ಆಸರೆ ಕೊಟ್ಟಿದ್ದೇನೆ. ಅಲ್ಲಿ ಅದರ ಉದ್ದ ಉಪಯೋಗಕ್ಕೆ ಬಂದಿದೆ.

ಇದೆಲ್ಲ ಆಗಿ ಎಷ್ಟೋ ಸಲ ತೋಟಕ್ಕೆ, ಸಂತೆಗೆ ಹೋಗಿ ಬಂದೆ. ಈ ಸುಗ್ಗಿ ಮುಗಿದ ಮೇಲೆ ಭಾವನವರು ಮತ್ತೆ ಬಂದರು. ಮಗನ ಮದುವೆ. ಈಗಿನ ಹುಡುಗರಿಗೆ ಹಳೆ ಕಾರಿನಲ್ಲಿ ಮೆರವಣಿಗೆ ಹೋಗುವುದು ಭಾರಿ ಫ್ಯಾಷನ್ ಅಂತೆ, ಬೀಗರಿಗೂ ಮಾತು ಕೊಟ್ಟುಬಿಟ್ಟಿದ್ದಾರಂತೆ. ಎರಡು ದಿನ ಕಾರು ಕೊಡು ಅಂದರು.

"ಕೊಡ್ತೇನ್ರಿ. ಆದ್ರ ಆಯಿಲ್ ನಾನ ಹಾಕ್ತೇನಿ. ಗಾಡೀನೂ ನಾನ ಹೊಡಿತೇನಿ."

ಮದುಮಗನನ್ನು ಕೂರಿಸಿಕೊಂಡು ವಿಧವೆ ಗಾಡಿ ಹೊಡೆಯುವುದೇ! ಅವರು ಅಂದದ್ದನ್ನೆಲ್ಲ ಬರೆಯುವುದಿಲ್ಲ. ಒಂದು ವಾರ ಸುತ್ತಲಿನ ತಾಲೂಕಿನಲ್ಲೆಲ್ಲ ಬೇರೆ ಹಳೆ ಕಾರು ಹುಡುಕಿದರು. ಓಡುವಂಥದ್ದು ಒಂದೂ ಸಿಗಲಿಲ್ಲ. ಅವನ್ನೂ ಅಂದಾಜಿನ ಮೇಲೆ ನೋಡಿಕೊಂಡಿದ್ದರು.

ಮುದ್ದೇಬಿಹಾಳದಲ್ಲಿ ಮಂಟಪದ ಮುಂದೆ, ಬಾಜಾದವರು, ಬೀಗರು, ಓಣಿಯ ಮಂದಿ ಎಲ್ಲ ನಿಂತು ನೋಡುವಾಗ ಬಾನೆಟ್ ಎತ್ತಿದೆ. ಕಡ್ಡಿ ತೆಗೆದೆ, ಒರೆಸಿದೆ, ಇಳಿಸಿ ನೋಡಿದೆ. ತುಸು ಬೇಕಿತ್ತು, ಹೊಯ್ದೆ. ಗಂಡಸರು ಟೊಂಕದ ಮೇಲೆ ಕೈ ಇಟ್ಟುಕೊಂಡು ಸುತ್ತ ನೆರೆದರು. ಯಾರೂ ಬಗ್ಗಿ ವೈರು ಅಲ್ಲಾಡಿಸಲಿಲ್ಲ. ಬಾಸಿಂಗ ಕಟ್ಟಿದ ಹುಡುಗ ಹಿಂದೆ ಕೂತ. ನಾನು ಮುಂದೆ ಕೂತು ಎಂಜಿನ್ ಹಚ್ಚಿದೆ.

ರೇಶಿಮೆ ಸೀರೆಯ ಸೆರಗು ಹೊದ್ದ ನೆಗೆಣ್ಣಿ ಮಂದಿಯನ್ನು ಸರಿಸಿಕೊಂಡು ಕಿಟಕಿಯ ಹತ್ತಿರ ಬಂದಳು. ಏನೋ ಹೇಳಲಿದ್ದಾಳೆ ಅಂತ ನಾನೂ ತಯಾರಾಗಿ ಕೂತೆ. ಅವಳು ಒಳಗೆ ಬಗ್ಗಿ, ಯಾರಿಗೂ ಕೇಳಿಸದ ಹಾಗೆ ಕೇಳಿದಳು:

"ತಂಗಿ, ದೀಪ ಹತ್ತಿಲ್ಲಲ್ಲ?"

"ಇಲ್ಲಕ್ಕಾ, ಆರೈತಿ," ಅಂದೆ. ಅವಳು ದೊಡ್ಡ ಉಸಿರು ಬಿಟ್ಟು ಬದಿಗೆ ಸರಿದಳು. ನಾನು ಗೇರ್ ಹಾಕಿದೆ.